ಎಂಬತ್ತು ಪ್ರಮಾದಗಳು: ಒಂದು ಕ್ಷಣದ ಲೆಕ್ಕ



"ನಮ್ಮಲ್ಲಿ ದೋಷಗಳು ಎಣಿಸಲಾಗದಷ್ಟಿವೆ, ಯಾವುದನ್ನೆಂದು ಗೆಲ್ಲುವುದು?" ಪ್ರತಿಕ್ರಮಣಕ್ಕೆ ಕುಳಿತ ಶ್ರಾವಕನ ಮನಸ್ಸಿನಲ್ಲಿ ಏಳುವ ಪ್ರಶ್ನೆಯಿದು. ವಿನಯದಂತೆ ತೋರಿದರೂ ಈ ಮಾತಿನೊಳಗೆ ಆಲಸ್ಯಕ್ಕೆ ಆಶ್ರಯವಿದೆ. ಎಣಿಸಲಾಗದುದಕ್ಕೆ ಲೆಕ್ಕ ಒಪ್ಪಿಸಬೇಕಾಗಿಲ್ಲವಲ್ಲ!

ಹತ್ತನೆಯ ಶತಮಾನದಲ್ಲಿ ಚಾವುಂಡರಾಯನ ನಿಮಿತ್ತವಾಗಿ ಗೊಮ್ಮಟಸಾರವನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಎಣಿಸಿಯೇ ತೋರಿಸಿದರು. ಆರನೆಯ ಗುಣಸ್ಥಾನದ ಮುನಿಗೂ ಸಂಭವಿಸುವ ಪ್ರಮಾದಗಳು ಹದಿನೈದು: ವಿಕಥೆ 4, ಕಷಾಯ 4, ಇಂದ್ರಿಯ 5, ನಿದ್ರೆ 1, ಪ್ರಣಯ 1. ಮೊದಲ ಹದಿಮೂರನ್ನು ನಿರ್ಬಂಧವಿಲ್ಲದೆ ಕೂಡಿಸುತ್ತ ಹೋದರೆ, ಒಂದೂ ಇಲ್ಲದ ಸ್ಥಿತಿಯೂ ಸೇರಿ 8,192 ಬಗೆಗಳಾಗುತ್ತವೆ. ಆದರೆ ಆಚಾರ್ಯರ ನಿಯಮ ಬೇರೆ: ಒಂದೊಂದು ವರ್ಗದಿಂದ ಒಂದೇ, ಯಾವ ಭಂಗವೂ ಎರಡು ಬಾರಿ ಬರಬಾರದು, ಒಂದೂ ಬಿಟ್ಟುಹೋಗಬಾರದು. ಆಗ 4×4×5×1×1, ಅಂದರೆ 80 ಮಾತ್ರ. ಕ್ರೋಧವು ಉದಯದಲ್ಲಿರುವ ಕ್ಷಣದಲ್ಲಿ ಮಾನವು ಉದಯದಲ್ಲಿರುವುದಿಲ್ಲ ಎಂಬುದೇ ಈ ನಿರ್ಬಂಧದ ಹಿಂದಿರುವ ತತ್ತ್ವ.

ಸಂಖ್ಯೆಯಿಂದ ಭಂಗವನ್ನು ಹುಡುಕುವ ಕ್ರಮಕ್ಕೆ 'ನಷ್ಟ'ವೆಂದೂ ಭಂಗದಿಂದ ಸಂಖ್ಯೆಯನ್ನು ತಿಳಿಯುವ ಕ್ರಮಕ್ಕೆ 'ಉದ್ದಿಷ್ಟ'ವೆಂದೂ ಹೆಸರು. ಇಂದ್ರಿಯವು ಮೊದಲು ಬದಲಾಗುವ ಪ್ರಸ್ತಾರದಲ್ಲಿ 47ನೆಯದು ಯಾವುದು? 47ನ್ನು 5ರಿಂದ ಭಾಗಿಸಿದರೆ ಲಬ್ಧ 9, ಶೇಷ 2: ಎರಡನೆಯ ಇಂದ್ರಿಯ ರಸನ. ಶೇಷವಿರುವುದರಿಂದ ಲಬ್ಧಕ್ಕೆ ಒಂದು ಕೂಡಿಸಿ, 10ನ್ನು 4ರಿಂದ ಭಾಗಿಸಿದರೆ ಲಬ್ಧ 2, ಶೇಷ 2: ಎರಡನೆಯ ಕಷಾಯ ಮಾನ. ಮತ್ತೆ ಒಂದು ಕೂಡಿಸಿದರೆ 3: ಮೂರನೆಯ ವಿಕಥೆ ರಾಷ್ಟ್ರಕಥೆ.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮಗೆ ಈ 47ನೆಯದು ಅಪರಿಚಿತವೇ? ಊಟದ ಪಂಕ್ತಿಯಲ್ಲಿ ಸವಿಯುತ್ತ "ನಮ್ಮ ನಾಡೇ ಹೆಚ್ಚು, ನಮ್ಮ ನುಡಿಯೇ ಹೆಚ್ಚು" ಎಂದು ಬೀಗುವ ಕ್ಷಣವೇ ಅದು. ಗೊಮ್ಮಟಸಾರದ ಮೂಲ ಪ್ರಾಕೃತ. 1359ರಲ್ಲಿ ಕೇಶವವರ್ಣಿ ಅದಕ್ಕೆ ಬರೆದ ವೃತ್ತಿ ಕನ್ನಡ. ಆ ವೃತ್ತಿಯ ಮಹತ್ತ್ವವನ್ನು ವಿದ್ವಾಂಸರಿಗೆ ತಿಳಿಸಿದ ಡಾ. ಆ. ನೇ. ಉಪಾಧ್ಯೆಯವರು (1906–1975) ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಾಧ್ಯಾಪಕರು. ಶಾಸ್ತ್ರಕ್ಕೆ ಇಲ್ಲದ ಭಾಷೆಯ ಗಡಿ ಪಂಕ್ತಿಯಲ್ಲೇಕೆ?

ಲೆಕ್ಕದಲ್ಲಿ ಒಂದು ಭಂಗ ಒಂದೇ ಸಲ ಬರುತ್ತದೆ; ಬಾಳಿನಲ್ಲಿ ಅದೇ ಭಂಗ ನಾಳೆಯೂ ಬಂದೀತು. ಆ ಪುನರಾವೃತ್ತಿಯನ್ನು ಗಣಿತ ತಡೆಯದು, ಎಚ್ಚರವೇ ತಡೆಯಬೇಕು. ಆದರೂ ಗಣಿತವು ಧೈರ್ಯವೊಂದನ್ನು ಕೊಡುತ್ತದೆ: ಎಂಬತ್ತೂ ಒಟ್ಟಿಗೆ ಎದುರಾಗುವುದಿಲ್ಲ. ಈ ಕ್ಷಣ ಎದುರಿಗಿರುವುದು ಒಂದೇ. ಅದನ್ನು ಹೆಸರಿಟ್ಟು ಗುರುತಿಸುವುದೇ ಅಪ್ರಮಾದದ ಮೊದಲ ಹೆಜ್ಜೆ.