ಹನ್ನಳ ಕಣ್ಣೀರೂ ಹನ್ನಳ ಊಟವೂ

ಓದತಕ್ಕ ಭಾಗ: 1 ಸಮುವೇಲ 1ನೆಯ ಅಧ್ಯಾಯ, 1ರಿಂದ 18ನೆಯ ವಚನಗಳು



ಕುಡಿತದ ವಿಷಯವಾಗಿ ನಾವು ಸಭೆಯಲ್ಲಿ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಊಟದ ವಿಷಯವಾಗಿ ಮನಸ್ಸಿನೊಳಗೆ ನಡೆಯುವ ಹೋರಾಟವನ್ನು ಕುರಿತು ಕೇಳಿದ್ದು ಅಪರೂಪ. ಆದರೂ ಹಸಿವಿಲ್ಲದಿರುವಾಗ ದುಃಖವನ್ನು ತಡೆಯಲಾರದೆ ತಿನ್ನುವವರೂ, ತಿಂದ ಮೇಲೆ ತಮ್ಮನ್ನು ತಾವೇ ಹೇಸುವವರೂ, ತಮ್ಮ ಮೈಯನ್ನು ನೋಡಿ ನಾಚಿ ಆರಾಧನೆಗೂ ಬಾರದೆ ಉಳಿಯುವವರೂ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಮನೆಗಳಲ್ಲಿ ಇಲ್ಲವೆಂದು ಯಾರೂ ಹೇಳಲಾರರು. ಅಂಥವರ ನಿಮಿತ್ತ ಈ ತಿಂಗಳು ಹನ್ನಳ ಚರಿತ್ರೆಯನ್ನು ಧ್ಯಾನಿಸೋಣ.

ಎಲ್ಕಾನನಿಗೆ ಹನ್ನ, ಪೆನಿನ್ನ ಎಂಬ ಇಬ್ಬರು ಹೆಂಡತಿಯರಿದ್ದರು. ಪೆನಿನ್ನಳಿಗೆ ಮಕ್ಕಳಿದ್ದರು, ಹನ್ನಳಿಗೆ ಇರಲಿಲ್ಲ. ಕುಟುಂಬವೆಲ್ಲವೂ ವರ್ಷವರ್ಷವೂ ಶೀಲೋವಿಗೆ ಹೋಗಿ ಯಜ್ಞವನ್ನರ್ಪಿಸಿ ಹಬ್ಬದ ಊಟಕ್ಕೆ ಕೂತುಕೊಳ್ಳುವಾಗ ಪೆನಿನ್ನಳು ಹನ್ನಳನ್ನು ಕೆಣಕುತ್ತಿದ್ದಳು. ಆಗ ಹನ್ನಳು ಅತ್ತು ಊಟವನ್ನು ಬಿಡುತ್ತಿದ್ದಳು. ದುಃಖವು ಒಬ್ಬರ ಗಂಟಲನ್ನು ಕಟ್ಟುತ್ತದೆ; ಇನ್ನೊಬ್ಬರ ಕೈಯನ್ನು ತಿಂಡಿಯ ಡಬ್ಬಿಗೆ ಎಳೆಯುತ್ತದೆ. ಆದಕಾರಣ ಹೆಚ್ಚು ತಿನ್ನುವವರಿಗೂ ಊಟ ಬಿಡುವವರಿಗೂ ಈ ಅಧ್ಯಾಯದಲ್ಲಿ ಉಪದೇಶವುಂಟು.

ಮೊದಲನೆಯದಾಗಿ, ಪೆನಿನ್ನಳ ನಾಲಿಗೆಯನ್ನು ನೋಡಿರಿ. ಆಕೆಯು ಹಂಗಿಸಿದ್ದು ಹನ್ನಳ ಶರೀರವನ್ನೇ. ಅದೂ ದೇವರ ಹಬ್ಬದ ದಿವಸದಲ್ಲಿ. ನಮ್ಮಲ್ಲಿ ಹಾಗಿಲ್ಲವೋ? ಮದುವೆಯ ಮನೆಯಲ್ಲಿಯೂ ದೇವಾಲಯದ ಬಾಗಿಲಲ್ಲಿಯೂ, "ಏನೇ, ಇಷ್ಟು ದಪ್ಪಗಾದೆ?" "ಕಡ್ಡಿಯ ಹಾಗಿದ್ದೀಯಲ್ಲ, ನಿನ್ನನ್ನು ಯಾರು ಒಪ್ಪುವರು?" "ಅಕ್ಕನ ಬಣ್ಣ ತಂಗಿಗೆ ಬರಲಿಲ್ಲ" ಎಂಬ ಮಾತುಗಳು ಕೇಳಿಬರುತ್ತವೆ. ಆಡಿದವರು ಗೇಟು ದಾಟುವಷ್ಟರಲ್ಲಿ ಮರೆಯುತ್ತಾರೆ; ಕೇಳಿದ ಹುಡುಗಿ ಅದನ್ನು ಹತ್ತು ವರ್ಷ ಹೊರುತ್ತಾಳೆ. 1975ರಲ್ಲಿ ಮಾರಾಟಕ್ಕೆ ಬಂದ ಫೇರ್ ಅಂಡ್ ಲವ್ಲಿ ಎಂಬ ಲೇಪನದ ಹೆಸರಿನಿಂದ ಬಿಳುಪೆಂಬ ಅರ್ಥದ ಮಾತನ್ನು 2020ರಲ್ಲಿ ತೆಗೆದುಹಾಕಿದರು. ವ್ಯಾಪಾರಿಗಳೇ ತಿದ್ದಿಕೊಂಡ ಮಾತನ್ನು ದೇವಜನರು ಇನ್ನೂ ಆಡುವುದು ತಕ್ಕದ್ದೋ?

ಬೇತ್ಲೆಹೇಮಿನಲ್ಲಿ ಸಮುವೇಲನು ಎಲೀಯಾಬನ ಎತ್ತರವನ್ನು ಕಂಡು ಮೆಚ್ಚಿದಾಗ, ದೇವರು ಅವನನ್ನು ತಡೆದು, ತಾನು ನೋಡುವುದು ಹೃದಯವನ್ನೇ ಎಂದು ತಿಳಿಸಿದನು (1 ಸಮುವೇಲ 16:7). ನಮ್ಮ ದೇಹವು ಪವಿತ್ರಾತ್ಮನ ಆಲಯವೆಂದು ಪೌಲನು ಕೊರಿಂಥದವರಿಗೆ ಬರೆದನು. ಆತ್ಮನು ಅದರಲ್ಲಿ ವಾಸಿಸುವುದಕ್ಕೆ ಮುಂಚೆ ಅದರ ಸುತ್ತಳತೆಯನ್ನು ಕೇಳಲಿಲ್ಲ. ನಮ್ಮ ಕರ್ತನು ಸತ್ತವರೊಳಗಿಂದ ಎದ್ದುಬಂದಾಗಲೂ ಆತನ ಕೈಗಳಲ್ಲಿ ಮೊಳೆಯ ಗಾಯಗಳು ಇದ್ದವು. ಆತನು ಅವುಗಳನ್ನು ಮರೆಮಾಡದೆ ತೋಮನಿಗೆ ತೋರಿಸಿದನು.

ಎರಡನೆಯದಾಗಿ, ಎಲ್ಕಾನನನ್ನು ನೋಡಿರಿ. ಅವನು ಹನ್ನಳನ್ನು ನಿಜವಾಗಿ ಪ್ರೀತಿಸಿದನು. ಪ್ರೀತಿಯಿಂದ ಪಾಲು ಕೊಟ್ಟನು. ಯಾಕೆ ಉಣ್ಣುವುದಿಲ್ಲವೆಂದು ಕೇಳಿದನು. ಮಲೆನಾಡಿನ ಮನೆಯ ಪ್ರೀತಿಯೂ ಹೀಗೆಯೇ. ಮುಖ ಬಾಡಿದವರ ಎಲೆಗೆ ನಾವು ಇನ್ನೆರಡು ಕಡುಬು ಹಾಕುತ್ತೇವೆ. ಇದನ್ನು ಹಳಿಯುವ ಹಾಗಿಲ್ಲ. ನಮ್ಮ ಸೀಮೆಗೆ ದೂರವಲ್ಲದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಎಳೆಯ ಪ್ರಾಯದಲ್ಲಿಯೇ ಕ್ಷಾಮದ ಹಸಿವಿನಿಂದ ತಂದೆ, ತಾಯಿ, ಅಕ್ಕ ಮೂವರನ್ನೂ ಕಳೆದುಕೊಂಡರು. ಅಂಥ ಕಾಲವನ್ನು ಕಂಡ ಹಿರಿಯರಿಗೆ ತುಂಬಿದ ಮೈಯೆಂದರೆ ಬದುಕಿ ಉಳಿದ ಮೈ. ಬಡಿಸುವ ಕೈಯ ಹಿಂದೆ ಆ ಭಯವುಂಟು.

ಆದರೂ ಎಲ್ಕಾನನ ಪಾಲು ಹನ್ನಳ ದುಃಖವನ್ನು ಮುಟ್ಟಲಿಲ್ಲ. ಹೊರಗೆ ಜಡಿಮಳೆ, ತೋಟದಲ್ಲಿ ಅಡಿಕೆಗೆ ಕೊಳೆರೋಗ, ಸೊಸೈಟಿಯ ಸಾಲ, ಬೆಂಗಳೂರಿಗೆ ಹೋದ ಮಗನಿಂದ ಸುದ್ದಿಯಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ತಾಯಿಯೊಬ್ಬಳು ಅಟ್ಟದಿಂದ ಡಬ್ಬಿಯನ್ನಿಳಿಸಿ ಹಲಸಿನ ಹಪ್ಪಳವನ್ನು ಸುಟ್ಟು ಒಂದಾದ ಮೇಲೊಂದು ತಿನ್ನುತ್ತಾಳೆ. ತಿನ್ನುವಷ್ಟು ಹೊತ್ತು ಮರೆವು. ಮುಗಿದ ಮೇಲೆ ನಾಚಿಕೆ. ಆ ನಾಚಿಕೆಯ ನೋವಿಗೆ ಮರುದಿನ ಮತ್ತೆ ಅದೇ ಡಬ್ಬಿ. ತೃಪ್ತಿಗೊಳಿಸದ ಪದಾರ್ಥಕ್ಕಾಗಿ ಯಾಕೆ ದುಡಿಯುತ್ತೀರೆಂದು ಯೆಶಾಯನು 55ನೆಯ ಅಧ್ಯಾಯದಲ್ಲಿ ಕೇಳುವುದು ಇದನ್ನೇ. ಹಪ್ಪಳವು ಪಾಪವಲ್ಲ. ಸಾಯಬೇಕೆಂದು ಜಾಲಿಗಿಡದ ಕೆಳಗೆ ಮಲಗಿದ ಎಲೀಯನಿಗೆ ದೇವದೂತನು ಗದರಿಕೆಯನ್ನಲ್ಲ, ಬಿಸಿರೊಟ್ಟಿಯನ್ನು ತಂದನು. ದೇಹದ ಹಸಿವಿಗೆ ರೊಟ್ಟಿಯೇ ಬೇಕು. ಆದರೆ ಹೃದಯದ ಹಸಿವನ್ನು ರೊಟ್ಟಿಯು ತೀರಿಸಲಾರದು.

ಮೂರನೆಯದಾಗಿ, ಯಾಜಕನಾದ ಏಲಿಯನ್ನು ನೋಡಿರಿ. ಹನ್ನಳ ತುಟಿಗಳು ಅಲ್ಲಾಡುವುದನ್ನು ಕಂಡು ಅವನು ಆಕೆಯನ್ನು ಕುಡುಕಳೆಂದೆಣಿಸಿದನು. ಉಪದೇಶಿಗಳೂ ಸಭೆಯ ಹಿರಿಯರೂ ಇದನ್ನು ಗಮನಿಸತಕ್ಕದ್ದು. ಸಂಕಟಪಡುವವಳನ್ನು ಹೊಟ್ಟೆಬಾಕಿಯೆಂದೂ, ಊಟ ಬಿಟ್ಟವಳನ್ನು ಹಟಮಾರಿಯೆಂದೂ ತೀರ್ಪುಮಾಡುವುದು ಸುಲಭ. ತಡೆಯಲಾರದೆ ಮಿತಿಮೀರಿ ತಿನ್ನುವುದನ್ನು ಅಮೇರಿಕದ ಮನೋವೈದ್ಯರ ಸಂಘವು 2013ರಲ್ಲಿ ಒಂದು ಪ್ರತ್ಯೇಕ ರೋಗವೆಂದು ತನ್ನ ಪಟ್ಟಿಯಲ್ಲಿ ಸೇರಿಸಿತು. ಥೈರಾಯ್ಡಿನ ದೋಷದಿಂದಲೂ ಕೆಲವು ಔಷಧಗಳಿಂದಲೂ ಮೈ ತೂಕವೇರುವುದುಂಟು. ಆದಕಾರಣ ತಿಂದದ್ದನ್ನು ಬೇಕೆಂದೇ ವಾಂತಿಮಾಡುವವರು, ದಿನಗಟ್ಟಲೆ ಊಟ ಬಿಡುವವರು, ತಮ್ಮ ಕೈಯನ್ನು ತಾವೇ ತಡೆಯಲಾರದವರು ವೈದ್ಯರ ಬಳಿಗೆ ಹೋಗಲೇಬೇಕು. ಪೌಲನ ಜೊತೆಗಾರನಾದ ಲೂಕನು ವೈದ್ಯನಾಗಿದ್ದನಲ್ಲವೇ? ಸರಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮನಸ್ಸಿನ ಕಷ್ಟವನ್ನು ಹೇಳಿಕೊಳ್ಳಬಹುದು. ಇಂಥವರಿಗೆ ಉಪವಾಸ ಮಾಡೆಂದು ಯಾರೂ ಒತ್ತಾಯಿಸಕೂಡದು. ಮೈಯನ್ನು ದಂಡಿಸುವುದಕ್ಕಾಗಿ ಹಸಿದಿರುವುದು ದೇವರು ಮೆಚ್ಚುವ ಉಪವಾಸವಲ್ಲ.

ಕಡೆಯದಾಗಿ, ಹನ್ನಳು ಏನು ಮಾಡಿದಳು? ಎದ್ದು ದೇವರ ಸನ್ನಿಧಿಗೆ ಹೋದಳು. ಅಲಂಕಾರದ ಮಾತುಗಳಿಲ್ಲದೆ, ಸ್ವರವೂ ಇಲ್ಲದೆ, ಹೃದಯದಲ್ಲಿದ್ದದ್ದನ್ನೆಲ್ಲಾ ಹೊಯ್ದುಬಿಟ್ಟಳು. ತಪ್ಪಾಗಿ ತಿಳಿದ ಏಲಿಗೂ ತನ್ನ ಸಂಕಟವನ್ನು ಬಿಚ್ಚಿ ಹೇಳಿದಳು. ಆ ಮೇಲೆ ಹೋಗಿ ಊಟಮಾಡಿದಳು. ಆಕೆಯ ಮುಖದಲ್ಲಿ ಮೊದಲಿನ ದುಃಖವಿರಲಿಲ್ಲ. ಪ್ರಿಯರೇ, ಇದನ್ನು ಚೆನ್ನಾಗಿ ಗಮನಿಸಿರಿ: ಆ ಹೊತ್ತಿನಲ್ಲಿ ಸಮುವೇಲನು ಇನ್ನೂ ಹುಟ್ಟಿರಲಿಲ್ಲ. ಹನ್ನಳ ಶರೀರವು ನಿನ್ನೆ ಇದ್ದಂತೆಯೇ ಇತ್ತು. ಪೆನಿನ್ನಳೂ ಅಲ್ಲಿಯೇ ಇದ್ದಳು. ಆದರೂ ಆಕೆ ಸಮಾಧಾನದಿಂದ ಉಂಡಳು. ನಾವಾದರೋ, ಮೊದಲು ಮೈ ಇಳಿಯಲಿ, ಆಮೇಲೆ ಸಂತೋಷಪಡುವೆವು, ಆಮೇಲೆ ಜನರ ಮುಂದೆ ಬರುವೆವು ಅನ್ನುತ್ತೇವೆ. ದೇವರ ಕ್ರಮವು ಹಾಗಲ್ಲ. ಮೊದಲು ಅಂಗೀಕಾರ, ಉಳಿದದ್ದು ಅದರ ಹಿಂದೆ ಬರತಕ್ಕದ್ದು.

ಹೀಗಿರಲಾಗಿ, ಕೈಯು ಡಬ್ಬಿಗೆ ಹೋಗುವಾಗ ಒಂದು ಕ್ಷಣ ನಿಂತು, ಇದು ಹೊಟ್ಟೆಯ ಹಸಿವೋ ಹೃದಯದ ಹಸಿವೋ ಎಂದು ಕೇಳಿಕೊಳ್ಳೋಣ. ಹೊಟ್ಟೆಯ ಹಸಿವಾದರೆ ಸ್ತೋತ್ರಮಾಡಿ, ಕೂತು, ಮನೆಯವರ ಸಂಗಡ ಉಣ್ಣೋಣ. ಹೃದಯದ ಹಸಿವಾದರೆ ಆ ದುಃಖದ ಹೆಸರನ್ನು ದೇವರ ಮುಂದೆ ಹೇಳೋಣ. ನಂಬಿಕೆಗೆ ತಕ್ಕ ಒಬ್ಬ ಸಹೋದರಿಗೂ ಹೇಳೋಣ. ಒಂದು ರಾತ್ರಿ ಸೋತರೆ ಬೆಳಿಗ್ಗೆ ಊಟ ಬಿಟ್ಟು ಶಿಕ್ಷಿಸಿಕೊಳ್ಳಬೇಡಿರಿ. ಅನುದಿನದ ಆಹಾರವನ್ನು ದಿನದಿನವೂ ಬೇಡಲು ಕರ್ತನು ಕಲಿಸಿದ್ದಾನೆ. ನಾಳೆಯ ಆಹಾರವೂ ಕೃಪೆಯೂ ನಾಳೆ ದೊರೆಯುವವು. ಕರ್ತನ ಭೋಜನಕ್ಕೆ ನಾವು ಬರುವಾಗ ದಪ್ಪಗಿದ್ದವರಿಗೂ ಸಣಕಲಾದವರಿಗೂ ರೊಟ್ಟಿಯ ತುಂಡು ಒಂದೇ ಅಳತೆಯದು. ಅಲ್ಲಿ ಯಾರನ್ನೂ ತೂಗುವುದಿಲ್ಲ. ನಮ್ಮ ಅಂಗಳಗಳೂ ಜಗಲಿಗಳೂ ಆ ಮೇಜಿನಂತಾಗಲಿ.

ಪ್ರಾರ್ಥನೆ ಮಾಡೋಣ: ನಮ್ಮನ್ನು ತಾಯಿಯ ಗರ್ಭದಲ್ಲಿಯೇ ರೂಪಿಸಿದ ತಂದೆಯೇ, ನೋಯಿಸುವ ಮಾತುಗಳನ್ನು ನಮ್ಮ ನಾಲಿಗೆಯಿಂದ ತೆಗೆದುಬಿಡು. ಅಡಗಿ ತಿನ್ನುವವರನ್ನೂ ಅಡಗಿ ಅಳುವವರನ್ನೂ ನಿನ್ನ ಬಳಿಗೆ ಕರೆದುಕೋ. ಹನ್ನಳಂತೆ ಎದ್ದು ಸಮಾಧಾನದಿಂದ ಉಣ್ಣುವ ಕೃಪೆಯನ್ನು ನಮಗೆ ಕೊಡು. ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡುತ್ತೇವೆ. ಆಮೆನ್.