ರಕ್ತವೂ ಗೋತ್ರವೂ

ಮಾನವ ತಂದೆಗೂ ರಾಕ್ಷಸ ತಾಯಿಗೂ ಜನಿಸಿದ ಮಗನು ಯಾರ ಗುಣವನ್ನು ಹೊತ್ತು ಬರುತ್ತಾನೆ? ವ್ಯಾಸಭಾರತದ ಘಟೋತ್ಕಚನು ಭೀಮ-ಹಿಡಿಂಬೆಯರ ಪುತ್ರ. ಮಾಯಾಯುದ್ಧದ ಕೌಶಲವೂ ರಾತ್ರಿಯಲ್ಲಿ ಹೆಚ್ಚುವ ಬಲವೂ ಅವನಿಗೆ ತಾಯಿಯ ಕುಲದಿಂದ ಬಂದವು. ಪಾಂಡವರಿಗಾಗಿ ಹೋರಾಡಿ ಕರ್ಣನ ಶಕ್ತ್ಯಾಯುಧಕ್ಕೆ ಬಲಿಯಾದನು. ಆದರೂ ದ್ರೋಣಪರ್ವದಲ್ಲಿ ಕೃಷ್ಣನು ಅವನನ್ನು ಯಜ್ಞದ್ವೇಷಿಯಾದ ರಾಕ್ಷಸನೆಂದೇ ಎಣಿಸಿ ಅವನ ಮರಣಕ್ಕೆ ಹರ್ಷಿಸುತ್ತಾನೆ. ಸೇವೆ ತಂದೆಯ ಪಕ್ಷಕ್ಕೆ ಸಂದಿತು. ಕಳಂಕ ತಾಯಿಯ ರಕ್ತದ ಮೇಲೆ ಉಳಿಯಿತು.

ನಮ್ಮ ಪುರಾಣಕಾರರು ಬೇರೆ ದಾರಿ ಹಿಡಿದರು. ವಿಮಲಸೂರಿಯ 'ಪಉಮಚರಿಯ'ದಲ್ಲಿಯೂ ಆ ಪರಂಪರೆಯನ್ನು ಕನ್ನಡಕ್ಕೆ ತಂದ ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದಲ್ಲಿಯೂ ರಾಕ್ಷಸ, ವಾನರ ಎಂಬುವು ವಿದ್ಯಾಧರ ವಂಶಗಳ ಹೆಸರುಗಳು ಮಾತ್ರ. ವಾನರವಂಶದವರಿಗೆ ಬಾಲವಿಲ್ಲ, ಅವರ ಧ್ವಜದಲ್ಲಿ ಕಪಿಚಿಹ್ನೆಯಿದೆ. ವಿಮಲಸೂರಿಯ ಕಥೆಯಲ್ಲಿ ಹನುಮಂತನು ರಾವಣನ ತಂಗಿ ಚಂದ್ರನಖೆಯ ಮಗಳನ್ನು ವರಿಸುತ್ತಾನೆ. ಎರಡು ವಂಶಗಳು ಬೆರೆತವೆಂದು ಅಲ್ಲಿ ಯಾರೂ ಕೊರಗುವುದಿಲ್ಲ. ಒಂದೇ ಗರ್ಭದಲ್ಲಿ ಹುಟ್ಟಿದ ರಾವಣನು ಪರಸ್ತ್ರೀಮೋಹದಿಂದ ಕೆಟ್ಟನು, ವಿಭೀಷಣನು ನ್ಯಾಯದ ಕಡೆ ನಿಂತನು. ಅವರ ಕುಲದವರೇ ಆದ ಕುಂಭಕರ್ಣ, ಇಂದ್ರಜಿತುಗಳು ಬಡವಾನಿಯ ಬಳಿಯ ಚೂಲಗಿರಿಯಲ್ಲಿ ಮುಕ್ತರಾದರೆಂದು ನಾವು ಇಂದಿಗೂ ಆ ಕ್ಷೇತ್ರವನ್ನು ವಂದಿಸುತ್ತೇವೆ.

ಕುಂದೂರು ಸೀಮೆಯ ಕಾಫಿ ಬೆಳೆಗಾರರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ಎಸ್. 795 ತಳಿಯಲ್ಲಿ ಅರೇಬಿಕಾದೊಡನೆ ಲೈಬೀರಿಕಾದ ಅಂಶವೂ ಸೇರಿದೆ. ಎಲೆತುಕ್ಕು ರೋಗವನ್ನು ತಡೆಯುವ ಶಕ್ತಿ ಅದಕ್ಕೆ ಹಾಗೆಯೇ ಬಂದಿತು. ಗುಣವು ವಂಶದಿಂದ ಬರುವುದಿಲ್ಲವೆನ್ನುವುದು ಹೇಗೆ? ಶರೀರದ ಮಟ್ಟಿಗೆ ಈ ಮಾತು ದಿಟ. ರೂಪ, ವರ್ಣ, ದಾರ್ಢ್ಯಗಳು ನಾಮಕರ್ಮದ ಫಲ. ತಂದೆತಾಯಿಯರು ಅದಕ್ಕೆ ನಿಮಿತ್ತರು. ಆದರೆ ಕ್ರೋಧ-ಲೋಭಗಳು ಮೋಹನೀಯ ಕರ್ಮಕ್ಕೆ ಸೇರಿದವು. ಅದನ್ನು ಪ್ರತಿಯೊಂದು ಜೀವವೂ ತಾನೇ ಕಟ್ಟಿಕೊಳ್ಳಬೇಕು, ತಾನೇ ಕಳೆದುಕೊಳ್ಳಬೇಕು.

ಉಚ್ಚಗೋತ್ರ, ನೀಚಗೋತ್ರಗಳನ್ನು ಆಗಮವೇ ಹೇಳಿದೆಯಲ್ಲವೇ ಎಂದು ಹಿರಿಯರು ಕೇಳುವುದುಂಟು. ಹೇಳಿದೆ. ಆದರೆ ಗೋತ್ರವು ಅಘಾತಿ ಕರ್ಮ. ಆತ್ಮದ ಜ್ಞಾನ-ದರ್ಶನಗಳನ್ನು ಅದು ಮುಸುಕಲಾರದು. ನೀಚಗೋತ್ರದ ಬಂಧಕ್ಕೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕೊಡುವ ಕಾರಣಗಳೂ ಗಮನಾರ್ಹ: ಪರನಿಂದೆ, ಆತ್ಮಪ್ರಶಂಸೆ, ಇತರರ ಸದ್ಗುಣವನ್ನು ಮರೆಮಾಡುವುದು.

ಇಂದು ನಮ್ಮ ಮನೆಗಳಲ್ಲಿ ಅನ್ಯ ಸಮಾಜದವರೊಡನೆ ವಿವಾಹಗಳು ನಡೆಯುತ್ತಿವೆ. ಅವರ ಮಕ್ಕಳು ಅಜ್ಜಿಯ ಕೈಹಿಡಿದು ಬಸದಿಗೆ ಬರುತ್ತಾರೆ. ಅಭಿಷೇಕದ ಸಾಲಿನಲ್ಲಿ ನಿಂತ ಅಂತಹ ಬಾಲಕನನ್ನು ಕಂಡು 'ಇವನ ತಾಯಿ ಯಾವ ಜನ?' ಎಂದು ಪಿಸುಗುಟ್ಟುವವರು, ಆ ಸೂತ್ರದ ಪ್ರಕಾರ ಯಾರ ಗೋತ್ರ ಕೆಡುತ್ತಿದೆಯೆಂದು ಯೋಚಿಸಲಿ. ಬಸದಿಯ ವ್ಯವಸ್ಥಾಪಕರು ಆ ಮಗುವಿಗೆ ಣಮೋಕಾರ ಮಂತ್ರವನ್ನೂ ಅಷ್ಟಮೂಲಗುಣಗಳನ್ನೂ ಕಲಿಸುವ ಏರ್ಪಾಟು ಮಾಡಲಿ. ಅದರ ವಂಶವನ್ನು ವಿಚಾರಿಸುವ ಕೆಲಸವನ್ನು ಯಾವ ತೀರ್ಥಂಕರರೂ ನಮಗೆ ಒಪ್ಪಿಸಿಲ್ಲ.