ಒಂದಗುಳಿನ ತೀರ್ಪು

ಹಣ ಕೊಟ್ಟು ಉಣ್ಣುವವನು ತನಗೆ ಬಡಿಸಿದ್ದನ್ನು ಎಷ್ಟರಮಟ್ಟಿಗೆ ಪ್ರಶ್ನಿಸಬಹುದು? ಊಟ ಹಿಡಿಸದಿದ್ದಾಗ ಸುಮ್ಮನೆ ಎದ್ದುಹೋಗುವುದು ಸೌಜನ್ಯವೋ, ಇದ್ದುದನ್ನು ಇದ್ದಂತೆ ಹೇಳಿಹೋಗುವುದು ಧರ್ಮವೋ? ಮೇಲ್ನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ಹುಟ್ಟೂರು ಬಿಟ್ಟು ಬಂದು ನೆಲೆಸಿರುವ ನಾವು ಪ್ರವಾಸದಲ್ಲಿಯೂ ಕೆಲಸದ ದಿನಗಳಲ್ಲಿಯೂ ಪರರ ಕೈಯಡುಗೆಯನ್ನು ನಂಬಿದವರು. ಅಪರಿಚಿತರೊಡನೆ ನಾವು ನಡೆಸುವ ವ್ಯವಹಾರಗಳಲ್ಲಿ ಊಟದಷ್ಟು ಆಪ್ತವಾದದ್ದು ಅಪರೂಪ. ಅಲ್ಲಿ ನಾವು ಕೊಡುವ ತೀರ್ಪು ನ್ಯಾಯವಾದದ್ದೇ ಎಂದು ವಿಚಾರಿಸಿ ನೋಡುವುದು ಯುಕ್ತ.

ಕೊಡೈಕಾನಲಿನ ಯಾವುದಾದರೊಂದು ಸಾಧಾರಣ ಊಟದ ಹೋಟೆಲನ್ನು ನೆನೆದುಕೊಳ್ಳೋಣ. ಬತ್ಲಗುಂಡಿನಿಂದ ಘಾಟಿ ರಸ್ತೆಯ ತಿರುವುಗಳನ್ನು ಹತ್ತಿ ಬಂದವರು ಹಸಿವು, ಚಳಿ, ಆಯಾಸಗಳೊಡನೆ ಒಳಗೆ ಕಾಲಿಡುತ್ತಾರೆ. ಸಾರು ಘಮಘಮಿಸುತ್ತದೆ, ಬೆಟ್ಟದಲ್ಲೇ ಬೆಳೆದ ಬೀನ್ಸಿನ ಪಲ್ಯ ಸೊಗಸಾಗಿದೆ, ಅನ್ನದ ಅಗುಳು ಮಾತ್ರ ನಡುವೆ ಗಟ್ಟಿ. ಮರುದಿನ ಅದೇ ಹೋಟೆಲಿಗೆ ಹೋದರೆ ಅನ್ನ ಮಲ್ಲಿಗೆಯಂತಿದೆ, ಸಾಂಬಾರು ನೀರಾಗಿದೆ. ಮೊದಲ ದಿನ ಉಂಡವರು ಒಂದು ಮಾತು ಹೇಳುತ್ತಾರೆ, ಎರಡನೆಯ ದಿನ ಉಂಡವರು ಇನ್ನೊಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಇಬ್ಬರ ಮಾತೂ ಆ ಹೋಟೆಲಿನ ಪೂರ್ಣ ಸತ್ಯವಲ್ಲ.

ನಮ್ಮ ತರ್ಕಪರಂಪರೆಯಲ್ಲಿ ಸ್ಥಾಲೀಪುಲಾಕ ನ್ಯಾಯವೆಂಬುದೊಂದಿದೆ. ಪಾತ್ರೆಯ ಒಂದಗುಳನ್ನು ಹಿಸುಕಿ ನೋಡಿದರೆ ಅನ್ನವೆಲ್ಲ ಬೆಂದಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಅಡುಗೆಮನೆಯಲ್ಲಿ ಹುಟ್ಟಿದ ಈ ನ್ಯಾಯವನ್ನು ನಾವು ಬದುಕಿನ ಎಲ್ಲ ಕಡೆಗೂ ಧಾರಾಳವಾಗಿ ಅನ್ವಯಿಸುತ್ತೇವೆ. ಆದರೆ ಅದರೊಳಗೆ ಒಂದು ನಿಬಂಧನೆ ಅಡಗಿದೆ: ಅಗುಳುಗಳೆಲ್ಲ ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಒಂದೇ ಹೊತ್ತು ಬೆಂದಿರಬೇಕು. ಇಂದಿನ ಪಾತ್ರೆಯ ಅಗುಳು ನಾಳಿನ ಪಾತ್ರೆಗೆ ಸಾಕ್ಷಿಯಾಗಲಾರದು. ಅನ್ನದ ಅಗುಳು ಸಾಂಬಾರಿಗೆ ಸಾಕ್ಷಿಯಲ್ಲ. ಒಂದು ಹೊತ್ತಿನ ಊಟದಿಂದ ಹೋಟೆಲನ್ನೂ, ಹೋಟೆಲಿನಿಂದ ಊರನ್ನೂ, ಊರಿನಿಂದ ಜನರನ್ನೂ ಅಳೆದುಬಿಡುವಾಗ ನಾವು ಈ ನಿಬಂಧನೆಯನ್ನೇ ಮರೆಯುತ್ತೇವೆ.

ಬೆಟ್ಟದ ಮೇಲಂತೂ ಉರಿಯೂ ನೀರೂ ಬಯಲಿನಂತಿಲ್ಲ. ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ನೀರು, ಎತ್ತರ ಹೆಚ್ಚಿದಂತೆ ಪ್ರತಿ 300 ಮೀಟರಿಗೆ ಸುಮಾರು 1 ಡಿಗ್ರಿಯಷ್ಟು ಮೊದಲೇ ಕುದಿಯುತ್ತದೆ. ಸುಮಾರು 2,100 ಮೀಟರ್ ಎತ್ತರದ ಕೊಡೈಕಾನಲಿನಲ್ಲಿ ಅದು 93 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತದೆ. ಉರಿಯನ್ನು ಎಷ್ಟೇ ಜೋರು ಮಾಡಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಆದ್ದರಿಂದ ಅಕ್ಕಿಗೂ ತೊಗರಿಬೇಳೆಗೂ ಹೆಚ್ಚು ಹೊತ್ತು ಬೇಕು. ಕುಕ್ಕರಿನಲ್ಲಿ ಒತ್ತಡ ಕೂಡಿಸಿದರೆ ಮಾತ್ರ ಆ ಕೊರತೆ ತುಂಬುತ್ತದೆ. ಚಳಿಯ ರಾತ್ರಿಗಳಲ್ಲಿ ಇಡ್ಲಿಯ ಹಿಟ್ಟು ಹುಳಿಯೇರಿ ಉಬ್ಬುವುದೂ ನಿಧಾನ. ಅಕ್ಕಿ ಕೆಳಗಿನ ಬಯಲಿನಿಂದ ಘಾಟಿ ಹತ್ತಿ ಬರಬೇಕು. ಬೇಸಿಗೆಯಲ್ಲಿ ಜನಸಂದಣಿ ಎಷ್ಟು ಮಿತಿಮೀರುತ್ತದೆಂದರೆ, ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2024ರ ಮೇ 7ರಿಂದ ಪ್ರವಾಸಿ ವಾಹನಗಳಿಗೆ ಇ-ಪಾಸ್ ಪದ್ಧತಿಯನ್ನೇ ತರಬೇಕಾಯಿತು. ಬಾಗಿಲಲ್ಲಿ ಐವತ್ತು ಮಂದಿ ಕಾಯುತ್ತಿರುವಾಗ ಐದು ನಿಮಿಷ ಮೊದಲೇ ಗಂಜಿ ಬಸಿದುಬಿಡುವ ಅಡುಗೆಯವನನ್ನು ನಾವು ಸಮರ್ಥಿಸಬೇಕಾಗಿಲ್ಲ. ಆದರೆ ಅವನಿಗೆ ಆ ಐದು ನಿಮಿಷವನ್ನು ಕೊಡದವರಲ್ಲಿ ನಾವೂ ಸೇರಿದ್ದೇವೆ.

ಇಷ್ಟು ತಿಳಿದ ಮೇಲೂ ಬೇಯದ ಅನ್ನ ಬೇಯದ ಅನ್ನವೇ. ಹಾಗಾದರೆ ತೀರ್ಪು ಹೇಗಿರಬೇಕು? ನಮ್ಮ ದೂರುಗಳನ್ನು ಮೂರು ಬಗೆಯಾಗಿ ವಿಂಗಡಿಸುವುದು ಲೇಸು.

ಮೊದಲನೆಯದು ಬರಿಯ ಭೇದ. ಸಾಂಬಾರಿನಲ್ಲಿ ಬೆಲ್ಲವಿಲ್ಲವೆಂದು ಕೊರಗುವ ನಮ್ಮವರು ಅನೇಕರು. ಉಡುಪಿಯ ನಾಲಗೆಗೆ ಅದು ಕೊರತೆ. ದಿಂಡಿಗಲ್ಲಿನ ನಾಲಗೆಗೆ ಬೆಲ್ಲವೇ ಅತಿ. ಇದೇ ಸೀಮೆಯ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಮಾತಾಗಿ ಕನ್ನಡವನ್ನು ಉಳಿಸಿಕೊಂಡ ಕುಟುಂಬಗಳಿವೆ. 1909ರಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ನರ ಸಂಪುಟಗಳಲ್ಲಿ ಕಾಪ್ಪಿಲಿಯರು, ಅನುಪ್ಪರು ಎಂದು ಇಂಥ ಕನ್ನಡ ಸಮುದಾಯಗಳ ಪ್ರಸ್ತಾಪವಿದೆ. ತಮಿಳಿನ ನಡುವೆ ಬಾಳಿದ ಅವರ ನುಡಿಯನ್ನು ಕೇಳಿ, ಇದು ಸರಿಯಾದ ಕನ್ನಡವಲ್ಲ ಎಂದು ಮೈಸೂರಿನವರೊಬ್ಬರು ಮೂಗು ಮುರಿದರೆ ನಮಗೆ ನೋವಾಗುವುದಿಲ್ಲವೇ? ಆ ನೋವನ್ನು ಬಲ್ಲ ನಾವು ಬೆಲ್ಲವಿಲ್ಲದ ಸಾಂಬಾರನ್ನು ಕೆಟ್ಟ ಸಾಂಬಾರೆಂದು ಕರೆಯಬಾರದು. ಭೇದದ ಎದುರಿಗೆ ದೂರಿಗೆ ಎಡೆಯಿಲ್ಲ, ನಾಲಗೆ ಕಲಿಯಬೇಕಷ್ಟೆ.

ಎರಡನೆಯದು ಏರುಪೇರು: ಗಟ್ಟಿಯಾದ ಅಗುಳು, ನೀರಾದ ಸಾಂಬಾರು, ಆರಿದ ದೋಸೆ. ಇವು ತಿದ್ದಬಹುದಾದ ಕೊರತೆಗಳು. ಮೂರನೆಯದು ಅಪರಾಧ: ಹಳಸಿದ್ದನ್ನು ಮತ್ತೆ ಬಿಸಿಮಾಡಿ ಬಡಿಸುವುದು, ಕೊಳಕು ನೀರನ್ನು ಕುಡಿಯಲು ಕೊಡುವುದು. ಇಲ್ಲಿ ರುಚಿಯ ಮಾತೇ ಇಲ್ಲ, ಆರೋಗ್ಯದ ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಚಿಕ್ಕ ತಿಂಡಿಯಂಗಡಿಯನ್ನೂ ನೋಂದಣಿಯ ವ್ಯಾಪ್ತಿಗೆ ತಂದಿರುವುದು ಇದಕ್ಕಾಗಿಯೇ. ಅಂಥದ್ದನ್ನು ಕಂಡೂ ಬಾಯಿ ಮುಚ್ಚಿಕೊಂಡವನು ತನ್ನ ನಂತರ ಆ ಮೇಜಿಗೆ ಬರುವ ಮಗುವಿಗೆ ಅನ್ಯಾಯ ಮಾಡುತ್ತಾನೆ.

ಎಡವಟ್ಟಾಗುವುದು ಹೆಚ್ಚಾಗಿ ಎರಡನೆಯ ಬಗೆಯಲ್ಲಿ. ಅನ್ನವನ್ನು ನಿಂದಿಸದಿರುವುದು ವ್ರತವೆಂದು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿ ವಿಧಿಸುತ್ತದೆ. ಹಿರಿಯರು ಅದನ್ನು ನಮಗೆ ಎಲೆಯ ಮುಂದೆಯೇ ಕಲಿಸಿದರು. ಆದರೆ ನಿಂದೆಯೇ ಬೇರೆ, ದೋಷವನ್ನು ತೋರಿಸುವುದೇ ಬೇರೆ. ಕನ್ನಡದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಬರೆದನೆಂದರೆ, ಅಡುಗೆಯನ್ನು ನಮ್ಮವರು ಶಾಸ್ತ್ರವೆಂದು ಗೌರವಿಸಿದರೆಂದೇ ಅರ್ಥ. ಶಾಸ್ತ್ರವೆಂದ ಮೇಲೆ ಗುಣದೋಷಗಳ ವಿವೇಚನೆ ಇದ್ದೇ ಇರುತ್ತದೆ. ಹೋಟೆಲಿನಲ್ಲಿ ನಗುತ್ತಾ ಚೆನ್ನಾಗಿದೆಯೆಂದು ಹೇಳಿ, ಹೊರಗೆ ಬಂದು ಹತ್ತು ಮಂದಿಯೆದುರು ಹಳಿಯುವವರು ಅನ್ನವನ್ನೂ ಗೌರವಿಸಲಿಲ್ಲ, ಅಡುಗೆಯವನನ್ನೂ ಗೌರವಿಸಲಿಲ್ಲ. ತಿದ್ದಿಕೊಳ್ಳಬಲ್ಲವನಿಗೆ ಆ ಮಾತು ತಲುಪುವುದೇ ಇಲ್ಲ. ಗಿರಾಕಿಗಳು ಏಕೆ ಕಡಿಮೆಯಾದರೆಂಬುದೂ ಅವನಿಗೆ ತಿಳಿಯುವುದಿಲ್ಲ.

ಇನ್ನು ಗಟ್ಟಿಯಾಗಿ ಕೂಗಾಡುವವರಿದ್ದಾರೆ. ಅವರ ಕೋಪಕ್ಕೆ ಗುರಿಯಾಗುವವನು ಸಾಮಾನ್ಯವಾಗಿ ಬಡಿಸುವ ಮಾಣಿ. ಅಕ್ಕಿ ಕೊಂಡವನು ಅವನಲ್ಲ, ಬೇಯಿಸಿದವನು ಅವನಲ್ಲ, ಬೆಲೆ ಕಟ್ಟಿದವನೂ ಅವನಲ್ಲ. ಎದುರಿಗೆ ಸಿಕ್ಕಿದ್ದಾನೆ ಎಂಬುದೊಂದೇ ಅವನ ತಪ್ಪು. ತಮಿಳುನಾಡಿನ ಕನ್ನಡಿಗರಿಗೆ ಇದು ದೂರದ ಕಥೆಯಲ್ಲ. ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿ ಹೆಸರಾದ ಕಡಂದಲೆಯ ಕೃಷ್ಣರಾಯರು ಬದುಕನ್ನು ಆರಂಭಿಸಿದ್ದು ಅಡುಗೆಮನೆಯ ಕೆಲಸದ ಹುಡುಗನಾಗಿ. ಕರಾವಳಿಯಿಂದ ಹೊರಟು ಪರಊರಿನ ಹೋಟೆಲುಗಳಲ್ಲಿ ಲೋಟ ತೊಳೆದು, ಮೇಜು ಒರೆಸಿ, ಮನೆಗೆ ಹಣ ಕಳುಹಿಸಿದ ಹುಡುಗರು ಅದೆಷ್ಟೋ ಮಂದಿ. ಅವರು ಕೇಳಿಸಿಕೊಂಡ ಬೈಗುಳಗಳನ್ನು ನೆನೆದರೆ ನಮ್ಮ ದನಿ ತಾನಾಗಿಯೇ ತಗ್ಗಬೇಕು.

ಇದಕ್ಕೊಂದು ಆಕ್ಷೇಪವುಂಟು, ಅದು ತೂಕವುಳ್ಳದ್ದು. ವರ್ಷಕ್ಕೊಮ್ಮೆ ಮಾತ್ರ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಬರುವ ಬಡ ಸಂಸಾರಕ್ಕೆ ಆ ಒಂದು ಊಟವೇ ಹಬ್ಬ. ನಾಳೆ ಬೇರೆ ಕಡೆ ಉಣ್ಣುವ ಅನುಕೂಲವುಳ್ಳವರು ತಾಳ್ಮೆಯನ್ನು ಬೋಧಿಸುವುದು ಸುಲಭ; ತಾಳ್ಮೆಯ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಈ ಮಾತನ್ನು ನಾವು ಒಪ್ಪಲೇಬೇಕು. ಕಷ್ಟಪಟ್ಟು ದುಡಿದ ಹಣಕ್ಕೆ ತಕ್ಕ ಊಟವನ್ನು ಕೇಳುವುದು ಆ ತಂದೆತಾಯಿಯರ ಹಕ್ಕು. ಕೊಟ್ಟ ಹಣ ಊಟವನ್ನು ಕೊಳ್ಳುತ್ತದೆ. ಬಡಿಸುವವನ ಮಾನವನ್ನು ಕೊಳ್ಳುವುದಿಲ್ಲ. ಈ ಎರಡಕ್ಕೂ ವಿರೋಧವಿಲ್ಲ. ಹಕ್ಕನ್ನು ಕೇಳುವುದಕ್ಕೆ ಅವಮಾನಿಸುವುದು ಬೇಕಾಗಿಲ್ಲ.

ಆದ್ದರಿಂದ ನಮಗೆ ತೋರುವ ದಾರಿ ಇದು. ಕೊರತೆಯನ್ನು ಹೇಳಬೇಕು, ತಿದ್ದಲು ಇನ್ನೂ ಅವಕಾಶವಿರುವಾಗ, ಮೊದಲ ತುತ್ತಿನಲ್ಲೇ ಹೇಳಬೇಕು. ಎಲೆ ಬರಿದಾದ ಮೇಲೆ ಹೇಳಿದರೆ ಅದು ಬೆಲೆ ತಗ್ಗಿಸುವ ಉಪಾಯದಂತೆ ಕೇಳಿಸುತ್ತದೆ. ಪಕ್ಕದ ಮೇಜಿಗೆ ಕೇಳಿಸದಂತೆ, ಚೆನ್ನಾಗಿದ್ದುದನ್ನೂ ಸೇರಿಸಿ ಹೇಳಬೇಕು: "ಅಣ್ಣಾ, ಸಾರು ಬಹಳ ಚೆನ್ನಾಗಿದೆ, ಅನ್ನ ಮಾತ್ರ ಇನ್ನೂ ಸ್ವಲ್ಪ ಬೇಯಬೇಕಿತ್ತು." ಅಣ್ಣಾ ಎಂಬ ಕರೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಒಂದೇ. ಬೇರೆ ಅನ್ನ ಬಂದರೆ ಸಂತೋಷ. ಬಾರದಿದ್ದರೆ ಆ ಸಂಗತಿಯನ್ನು ಗಲ್ಲಾದಲ್ಲಿ ಕುಳಿತವರಿಗೆ ತಿಳಿಸಿ ಬರಬಹುದು. ಊರಿಗೆ ಮರಳಿದ ಮೇಲೆ ಯಾರಾದರೂ ಕೇಳಿದರೆ, ನಾವು ಉಂಡದ್ದು ಒಂದು ದಿನದ ಒಂದು ಊಟವೆಂಬುದನ್ನು ಮರೆಯದೆ ಮಾತನಾಡಬೇಕು.

ನಮ್ಮ ಎದುರಿಗೆ ಕುಳಿತು ಉಣ್ಣುವ ಮಕ್ಕಳು ಇದನ್ನೆಲ್ಲ ಗಮನಿಸುತ್ತಿರುತ್ತಾರೆ. ಕೊಡೈಕಾನಲಿನ ಕೆರೆಯನ್ನೂ ಮಂಜನ್ನೂ ಅವರು ಮರೆತಾರು. ಕೈಯಲ್ಲಿ ಸೌಟು ಹಿಡಿದು ನಿಂತ ಒಬ್ಬ ಅಪರಿಚಿತನೊಡನೆ ತಮ್ಮ ತಂದೆತಾಯಿ ಯಾವ ದನಿಯಲ್ಲಿ ಮಾತನಾಡಿದರೆಂಬುದನ್ನು ಮಾತ್ರ ಅವರು ತಮ್ಮ ಬಾಳಿನುದ್ದಕ್ಕೂ ಅನುಸರಿಸುತ್ತಾರೆ.